ಬಿಲ್ ಸೊನ್ನೆ, ರೇಟ್ ಸೊನ್ನೆಯಲ್ಲ: ಅನುಗೊಂಡನಹಳ್ಳಿಯ ಕರೆಂಟ್ ಲೆಕ್ಕ

ಇವತ್ತಿನ ಸಂಚಿಕೆ ಕರೆಂಟ್ ಬಿಲ್ ಬಗ್ಗೆ. "ನಮ್ಮನೇದು ಸೊನ್ನೆ ಬಿಲ್, ನಮಗ್ಯಾಕೆ ಇದೆಲ್ಲ" ಅಂತ ಮುಂದಿನ ಸಂಚಿಕೆಗೆ ಹಾರಬೇಡಿ, ಸ್ವಲ್ಪ ಇರಿ. ನಾನು ಹೇಳೋಕೆ ಹೊರಟಿರೋದೇ ಅದನ್ನ. ಬಿಲ್ ಸೊನ್ನೆ ಆದ ಮೇಲೆ ನಾವು ರೇಟ್ ನೋಡೋದನ್ನೇ ಬಿಟ್ಟುಬಿಟ್ವಿ. ನಾವು ನೋಡದೇ ಇದ್ದಾಗ ರೇಟ್ ಬದಲಾಯ್ತು. ಆ ಬದಲಾವಣೆಯ ಪೆಟ್ಟು ಬಿದ್ದಿದ್ದು ಯಾರಿಗೆ ಅಂದ್ರೆ, ತಮ್ಮ ಹೆಸರಲ್ಲಿ ಮೀಟರ್ ಇಲ್ಲದವರಿಗೆ.

ಇದನ್ನ ಒಂದೇ ಊರು ಇಟ್ಕೊಂಡು ನೋಡೋಣ. ಅನುಗೊಂಡನಹಳ್ಳಿ. ಬೆಂಗಳೂರು ಗ್ರಾಮಾಂತರ ಜಿಲ್ಲೆ, ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಕಾಗದದಲ್ಲಿ ಹಳ್ಳಿ, ಬೆಳಗ್ಗೆ ವೈಟ್‌ಫೀಲ್ಡ್ ಕಡೆ ಹೋಗೋ ಗಾಡಿಗಳನ್ನ ನೋಡಿದ್ರೆ ಅರ್ಧ ಬೆಂಗಳೂರು. ಒಂದು ಕಡೆ ರಾಗಿ ಹೊಲ, ತರಕಾರಿ ತೋಟ, ಬೋರ್‌ವೆಲ್. ಇನ್ನೊಂದು ಕಡೆ ಹೊಸ ಲೇಔಟು, ಕೆಲಸಕ್ಕೆ ಬಂದವರಿಗೆ ಅಂತ ಕಟ್ಟಿದ ಸಾಲು ಮನೆಗಳು. ಇಂಥ ಕಡೆ ಒಂದೇ ರಸ್ತೆ, ಒಂದೇ ಟ್ರಾನ್ಸ್‌ಫಾರ್ಮರ್, ಒಂದೇ ಬೆಸ್ಕಾಂ. ಆದ್ರೆ ಅಕ್ಕಪಕ್ಕದ ಮೂರು ಮನೆಯವರು ಒಂದು ಯೂನಿಟ್‌ಗೆ ಮೂರು ಥರ ದುಡ್ಡು ಕೊಡಬಹುದು. ಅದು ಹೇಗೆ ಅಂತ ಲೆಕ್ಕ ಹಾಕೋಣ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ಮೊದಲು ರೇಟ್ ಕಥೆ. ಕರ್ನಾಟಕದಲ್ಲಿ ಕರೆಂಟ್ ದರ ನಿಗದಿ ಮಾಡೋದು ಬೆಸ್ಕಾಂ ಅಲ್ಲ, ನೇರವಾಗಿ ಸರ್ಕಾರವೂ ಅಲ್ಲ. ಕೆಇಆರ್‌ಸಿ, ಅಂದ್ರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2023ರ ಮೇ ತಿಂಗಳಲ್ಲಿ ಅವರು ಕೊಟ್ಟ ಆದೇಶದಲ್ಲಿ ಮನೆ ಬಳಕೆಗೆ ಎರಡು ಸ್ಲ್ಯಾಬ್ ಇತ್ತು. 100 ಯೂನಿಟ್ ಒಳಗೆ ಇದ್ರೆ ಯೂನಿಟ್‌ಗೆ 4 ರೂಪಾಯಿ 75 ಪೈಸೆ. 100 ದಾಟಿದ್ರೆ ಎಲ್ಲಾ ಯೂನಿಟ್‌ಗೂ 7 ರೂಪಾಯಿ. ಅದೇ ವರ್ಷ ಜುಲೈನಿಂದ ಗೃಹಜ್ಯೋತಿ ಶುರುವಾಯ್ತು, ಆಗಸ್ಟ್‌ನಲ್ಲಿ ಮನೆ ಮನೆಗೆ ಸೊನ್ನೆ ಬಿಲ್ ಬಂತು.

ಮುಂದಿನ ವರ್ಷ, 2024ರ ಫೆಬ್ರವರಿ ಕೊನೆಯಲ್ಲಿ, ಹೊಸ ಆದೇಶ ಬಂತು. ಏಪ್ರಿಲ್‌ನಿಂದ ಸ್ಲ್ಯಾಬೇ ಇಲ್ಲ. ಎಲ್ಲರಿಗೂ ಒಂದೇ ರೇಟ್, 5 ರೂಪಾಯಿ 90 ಪೈಸೆ. "ಕರೆಂಟ್ ದರ ಇಳಿಕೆ" ಅಂತ ಸುದ್ದಿ ಆಯ್ತು. ಸುಳ್ಳಲ್ಲ, ಆದ್ರೆ ಯಾರಿಗೆ ಇಳಿಕೆ? ತಿಂಗಳಿಗೆ 300 ಯೂನಿಟ್ ಸುಡೋ ಮನೆಗೆ 2,100 ರೂಪಾಯಿ ಇದ್ದದ್ದು 1,770 ಆಯ್ತು. 330 ರೂಪಾಯಿ ಉಳಿತಾಯ. 90 ಯೂನಿಟ್ ಬಳಸೋ ಮನೆಗೆ 427 ರೂಪಾಯಿ 50 ಪೈಸೆ ಇದ್ದದ್ದು 531 ಆಯ್ತು. 100 ರೂಪಾಯಿಗೂ ಜಾಸ್ತಿ ಏರಿಕೆ. ಏಸಿ, ಗೀಸರ್ ಇರೋ ಮನೆಗೆ ಇಳೀತು, ಒಂದು ಫ್ಯಾನು ಒಂದು ಫ್ರಿಜ್ ಇರೋ ಮನೆಗೆ ಏರಿತು.

ಬಡವರ ರೇಟ್ ಏರಿಸಿ ಇದ್ದವರದ್ದು ಇಳಿಸಿದ್ರೆ ಬೇರೆ ಕಾಲದಲ್ಲಾಗಿದ್ರೆ ಊರೂರಲ್ಲಿ ಗಲಾಟೆ ಆಗ್ತಿತ್ತು. ಈ ಸಲ ಸದ್ದೇ ಇಲ್ಲ. ಯಾಕಂದ್ರೆ ಕಮ್ಮಿ ಬಳಸೋ ಮನೆಗಳಲ್ಲಿ ಬಹುತೇಕರಿಗೆ ಬಿಲ್ ಸೊನ್ನೆ. ಏರಿದ ರೇಟನ್ನ ಅವರ ಪರವಾಗಿ ಸರ್ಕಾರ ಕಟ್ಟುತ್ತೆ. ಸರ್ಕಾರ ಅಂದ್ರೆ ನಮ್ಮದೇ ತೆರಿಗೆ ದುಡ್ಡು. ಗೃಹಜ್ಯೋತಿಗೆ ವರ್ಷಕ್ಕೆ 10 ಸಾವಿರ ಕೋಟಿ ಆಸುಪಾಸು ಖರ್ಚಾಗುತ್ತೆ. ಆದ್ರೆ ಕಮ್ಮಿ ಬಳಸಿಯೂ ಗೃಹಜ್ಯೋತಿ ಒಳಗೆ ಬರದೇ ಇರೋರು ಇದ್ದಾರಲ್ಲ, ಅವರಿಗೆ ಆ ಏರಿಕೆ ನೇರವಾಗಿ ಜೇಬಿಗೇ ಬಿತ್ತು. ಅವರ ಹತ್ರ ಆಮೇಲೆ ಬರ್ತೀನಿ.

ಈಗ 2025-26ರ ಬಿಲ್ ತೆಗೀರಿ. ನಾಲ್ಕು ಸಾಲು ನೋಡಿ ಸಾಕು. ಒಂದು, ಬಳಸಿದ ಕರೆಂಟಿನ ದರ, ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಹಿಂದಿನ ವರ್ಷಕ್ಕಿಂತ 10 ಪೈಸೆ ಕಮ್ಮಿ. ಎರಡು, ನಿಗದಿತ ಶುಲ್ಕ. ನೀವು ಸ್ವಿಚ್ ಹಾಕಿ, ಬಿಡಿ, ಇದು ಬಂದೇ ಬರುತ್ತೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 120 ರೂಪಾಯಿ ಇದ್ದದ್ದು 2025-26ರಲ್ಲಿ 145 ಆಯ್ತು. ಮೂರು, ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ. ನಾಲ್ಕು, ಬಳಕೆ ದರದ ಮೇಲೆ ಶೇ 9ರಷ್ಟು ತೆರಿಗೆ. ಇಂಧನ ವೆಚ್ಚದ ಹೊಂದಾಣಿಕೆ, ರಿಯಾಯಿತಿ ಅಂತ ಇನ್ನೂ ಸಾಲು ಇರುತ್ತೆ. ಅವು ಬದಲಾಗ್ತಾ ಇರೋದ್ರಿಂದ ನನ್ನ ಲೆಕ್ಕದಿಂದ ಬಿಟ್ಟಿದ್ದೀನಿ.

ಎರಡು ಕಿಲೋವ್ಯಾಟ್ ಲೋಡ್ ಇರೋ ಮನೆ, ತಿಂಗಳಿಗೆ 90 ಯೂನಿಟ್. ಬಳಕೆ 522, ನಿಗದಿತ ಶುಲ್ಕ 290, ಪಿಂಚಣಿ ಬಾಬ್ತು 32, ತೆರಿಗೆ 47. ಒಟ್ಟು 891 ರೂಪಾಯಿ. ಇದನ್ನ 90ರಿಂದ ಭಾಗಿಸಿ. ಯೂನಿಟ್‌ಗೆ ಹೆಚ್ಚು ಕಮ್ಮಿ 10 ರೂಪಾಯಿ! ಬಿಲ್ ಮೇಲೆ 5.80 ಅಂತ ಇರುತ್ತೆ, ಕೈ ಬಿಟ್ಟು ಹೋಗೋದು 10. ನಿಗದಿತ ಶುಲ್ಕ ಜಾಸ್ತಿ ಆದಷ್ಟೂ ಕಮ್ಮಿ ಬಳಸೋರಿಗೆ ಯೂನಿಟ್ ದುಬಾರಿ ಆಗುತ್ತೆ. 10 ಪೈಸೆ ಇಳಿದಿದ್ದು ಎಲ್ಲರಿಗೂ ಕಾಣ್ಸುತ್ತೆ, ಕಿಲೋವ್ಯಾಟ್‌ಗೆ 25 ರೂಪಾಯಿ ಏರಿದ್ದು ಮೂಲೆಯಲ್ಲಿ ಕೂತಿರುತ್ತೆ.

ಈಗ ಸೊನ್ನೆ ಬಿಲ್ ಮನೆಗೆ ಹೋಗೋಣ. "200 ಯೂನಿಟ್ ಫ್ರೀ" ಅಂತ ಎಲ್ರೂ ಹೇಳ್ತಾರೆ, ಆದ್ರೆ ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ, ಅದಕ್ಕೆ ಶೇ 10 ಸೇರಿಸಿದ್ರೆ ಅದು ನಿಮ್ಮ ಮಿತಿ. ತೀರಾ ಕಮ್ಮಿ ಬಳಸೋರಿಗೆ ಶೇ 10 ಅಂದ್ರೆ ಏನೂ ಸಿಗಲ್ಲ ಅಂತ 2024ರ ಜನವರಿಯಲ್ಲಿ ತಿದ್ದುಪಡಿ ಮಾಡಿ, ಸರಾಸರಿ 48 ಯೂನಿಟ್ ಒಳಗಿನವರಿಗೆ 10 ಯೂನಿಟ್ ಹೆಚ್ಚುವರಿ ಕೊಟ್ರು. ಮಿತಿ ದಾಟಿ 200ರ ಒಳಗೆ ಇದ್ರೆ ದಾಟಿದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದ್ರೆ? ಪೂರ್ತಿ ಬಿಲ್ ನಿಮ್ಮದೇ.

ಈ 200ರ ಅಂಚು ಎಷ್ಟು ಕಡಿದಾಗಿದೆ ನೋಡಿ. ನಿಮ್ಮ ಮಿತಿ 180 ಅಂತಿಟ್ಕೊಳ್ಳಿ. 200 ಯೂನಿಟ್ ಬಳಸಿದ್ರೆ ಮೇಲಿನ 20 ಯೂನಿಟ್‌ಗೆ ಸುಮಾರು 134 ರೂಪಾಯಿ. 201 ಬಳಸಿದ್ರೆ 1,633 ರೂಪಾಯಿ. ಆ ಒಂದೇ ಒಂದು ಯೂನಿಟ್‌ನ ಬೆಲೆ 1,500 ರೂಪಾಯಿ. ಒಂದು ಯೂನಿಟ್ ಅಂದ್ರೆ ಏನು? ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದ್ರೆ ಒಂದು ಯೂನಿಟ್, ಅಷ್ಟೇ. ಹಬ್ಬಕ್ಕೆ ನೆಂಟರು ಬಂದ ತಿಂಗಳು, ಮಕ್ಕಳ ಪರೀಕ್ಷೆ ಬೇಸಿಗೆಯಲ್ಲಿ ಬಂದ ತಿಂಗಳು ಇದು ಆಗೋದು. ಅದಕ್ಕೆ ತಿಂಗಳ ಮೂರನೇ ವಾರದಲ್ಲಿ ಒಂದು ಸಲ ಮೀಟರ್ ನೋಡಿ, ಫೋನಲ್ಲಿ ಫೋಟೋ ತೆಗೆದಿಡಿ. ಹಿಂದಿನ ಬಿಲ್‌ನ ರೀಡಿಂಗ್ ಕಳೆದ್ರೆ ಎಲ್ಲಿದ್ದೀರಿ ಅಂತ ಗೊತ್ತಾಗುತ್ತೆ.

ಈಗ ಮೂರನೇ ಮನೆ. ನಾಲ್ಕು ರೂಮಿನ ಸಾಲು ಮನೆ. ಮಾಲೀಕರ ಹೆಸರಲ್ಲಿ ಒಂದೇ ಮೀಟರ್, ಒಳಗೆ ನಾಲ್ಕು ಸಬ್ ಮೀಟರ್. ಒಬ್ಬೊಬ್ಬರದ್ದು ತಿಂಗಳಿಗೆ 60 ಯೂನಿಟ್ ಅಂತಿಟ್ಕೊಳ್ಳೋಣ. ಫ್ಯಾನು, ಲೈಟು, ಟಿವಿ, ಮೊಬೈಲ್ ಚಾರ್ಜರ್. ಒಟ್ಟು 240. ಬೆಸ್ಕಾಂ ಕಣ್ಣಿಗೆ ಇದು ನಾಲ್ಕು ಬಡ ಸಂಸಾರ ಅಲ್ಲ, 200 ದಾಟಿದ ಒಂದು ದೊಡ್ಡ ಮನೆ. ಹಾಗಾಗಿ ಗೃಹಜ್ಯೋತಿ ಸಿಗಲ್ಲ. ಮೂರು ಕಿಲೋವ್ಯಾಟ್ ಲೋಡಿಗೆ ಬಿಲ್ ಸುಮಾರು 2,039 ರೂಪಾಯಿ. ಮಾಲೀಕರು "ಯೂನಿಟ್‌ಗೆ 10 ರೂಪಾಯಿ ಕೊಡಿ" ಅಂತ ಮಾತಾಡ್ಕೊಂಡಿದ್ರೆ ಒಬ್ಬೊಬ್ಬರು 600 ಕೊಡ್ತಾರೆ. ಆ 600 ಕೊಡೋ ಸಂಸಾರದ ಬಳಕೆ, ಎದುರು ಮನೇಲಿ ಏನೂ ಕಟ್ಟದೆ ಇರೋರ ಬಳಕೆಗಿಂತ ಕಮ್ಮಿ ಇದ್ರೂ ಇರಬಹುದು.

ಅದೇ ನಾಲ್ಕು ಸಂಸಾರಕ್ಕೆ ನಾಲ್ಕು ಮೀಟರ್ ಇದ್ದಿದ್ರೆ? ಹಳೇ ಬಳಕೆಯ ದಾಖಲೆ ಇಲ್ಲದ ಹೊಸ ಸಂಪರ್ಕಕ್ಕೆ ಗೃಹಜ್ಯೋತಿಯಲ್ಲಿ ರಾಜ್ಯದ ಸರಾಸರಿ 53 ಯೂನಿಟ್ ಲೆಕ್ಕ ಇಟ್ಟು, ಶೇ 10 ಸೇರಿಸಿ 58 ಯೂನಿಟ್ ಕೊಡ್ತಾರೆ. 60ರಲ್ಲಿ 58 ಹೋದ್ರೆ ಎರಡು ಯೂನಿಟ್‌ಗೆ 13 ರೂಪಾಯಿ. 600 ಎಲ್ಲಿ, 13 ಎಲ್ಲಿ! ಅದೇ ಫ್ಯಾನು, ಅದೇ ಲೈಟು. ಬೇರೆ ಇರೋದು ಮೀಟರ್ ಮಾತ್ರ.

ಹಾಗಂತ ಮಾಲೀಕರನ್ನೇ ಬೈಯೋದು ಸರಿಯಲ್ಲ. ಹೊಸ ಸಂಪರ್ಕಕ್ಕೆ ಈಗ ಸ್ಮಾರ್ಟ್ ಮೀಟರ್ ಕಡ್ಡಾಯ, ಸಿಂಗಲ್ ಫೇಸ್ ಮೀಟರ್‌ಗೇ ಸುಮಾರು 5,000 ರೂಪಾಯಿ. ಮೇಲೆ ಠೇವಣಿ, ವೈರಿಂಗು, ಕಂಟ್ರಾಕ್ಟರ್ ಖರ್ಚು. ಖರ್ಚು ಮಾಡೋದು ಮಾಲೀಕರು, ಲಾಭ ಬಾಡಿಗೆದಾರರಿಗೆ. ಅವರು ಯಾಕೆ ಮಾಡ್ತಾರೆ ಹೇಳಿ? ಇನ್ನೊಂದು ತೊಡಕು ಕಾಗದ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ದಾಖಲೆ ಸರಿ ಇಲ್ಲದ ಕಟ್ಟಡಕ್ಕೆ ಹೊಸ ಸಂಪರ್ಕ ಸಿಗೋದು ಕಷ್ಟವಾಗಿದೆ. ಬೆಂಗಳೂರಿನ ಸುತ್ತ ರೆವಿನ್ಯೂ ಸೈಟ್‌ನಲ್ಲಿ ಎದ್ದಿರೋ ಸಾಲು ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು.

ಆದ್ರೂ ಮಾತಾಡೋಕೆ ಜಾಗ ಇದೆ. ಬಾಡಿಗೆಗೆ ತಿಂಗಳಿಗೆ 200 ರೂಪಾಯಿ ಜಾಸ್ತಿ ಕೊಡ್ತೀವಿ, ಬೇರೆ ಮೀಟರ್ ಹಾಕಿಸಿಕೊಡಿ ಅಂದ್ರೆ ಎರಡು ವರ್ಷ ಒಂದು ತಿಂಗಳಿಗೆ ಮೀಟರ್ ದುಡ್ಡು ವಾಪಸ್. ಬಾಡಿಗೆದಾರರಿಗೆ ಆಗಲೂ ತಿಂಗಳಿಗೆ ಸುಮಾರು 390 ರೂಪಾಯಿ ಉಳೀತು. ಈಗಾಗಲೇ ಬೇರೆ ಮೀಟರ್ ಇರೋ ಬಾಡಿಗೆ ಮನೆಯಾದ್ರೆ ಕೆಲಸ ಇನ್ನೂ ಸುಲಭ. ಆಧಾರ್, ಮೀಟರಿನ ಆರ್‌ಆರ್ ನಂಬರ್, ಆ ಮನೇಲಿ ಇದ್ದೀರಿ ಅನ್ನೋದಕ್ಕೆ ಬಾಡಿಗೆ ಕರಾರು ಅಥವಾ ಆ ವಿಳಾಸದ ವೋಟರ್ ಐಡಿ ತಗೊಂಡು ಸೇವಾ ಸಿಂಧುನಲ್ಲಿ ಅರ್ಜಿ ಹಾಕಿ. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಅಂಟಿಕೊಂಡಿದ್ರೆ ಅವರ ಕಡೆಯಿಂದ ಡಿ-ಲಿಂಕ್ ಮಾಡಿಸಿ. ನೀವು ಮನೆ ಬಿಡುವಾಗಲೂ ಮರೀಬೇಡಿ, ಇಲ್ಲಾಂದ್ರೆ ಹೊಸ ಮನೇಲಿ ನಿಮಗೇ ಸಿಗಲ್ಲ.

ಸರಿ, ರೇಟ್ ಯಾಕೆ ಇಷ್ಟು? ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ ಅಂತ ನೋಡಬೇಕು. ನಮ್ಮ ಬಿಲ್‌ನ ದೊಡ್ಡ ಪಾಲು ಹೋಗೋದು ಬೆಸ್ಕಾಂ ಬೇರೆಯವರಿಂದ ಕರೆಂಟ್ ಕೊಳ್ಳೋದಕ್ಕೆ. ಅನುಗೊಂಡನಹಳ್ಳಿ ಹೋಬಳಿಯಲ್ಲಿ ದೊಡ್ಡ ಸ್ಥಾವರ ಯಾವುದೂ ಇಲ್ಲ. ನಮ್ಮ ಫ್ಯಾನ್ ತಿರುಗಬೇಕು ಅಂದ್ರೆ ರಾಯಚೂರಲ್ಲಿ, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರೀಬೇಕು, ಶರಾವತಿಯಲ್ಲಿ ನೀರು ಬೀಳಬೇಕು, ಪಾವಗಡದಲ್ಲಿ ಬಿಸಿಲು ಕಾಯಬೇಕು. ದೂರದ ಒಡಿಶಾದ ತಾಲ್ಚೇರ್‌ನಿಂದ 1,300 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಲೈನು ಬಂದು ಮುಟ್ಟೋದು ನಮ್ಮ ಪಕ್ಕದ ಕೋಲಾರಕ್ಕೆ. ಅಲ್ಲಿಂದ ಬೆಂಗಳೂರಿನ ಹೂಡಿಗೆ 400 ಕೆವಿ ಲೈನ್. ಕೋಲಾರಕ್ಕೂ ಹೂಡಿಗೂ ಮಧ್ಯೆ ಇರೋದು ಹೊಸಕೋಟೆ, ಮಾಲೂರು ಸೀಮೆ.

ಹಳ್ಳಿ ತಲೆ ಮೇಲೆ ಕರೆಂಟ್ ಹಾದು ಹೋಗೋದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟ್ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ. ಮಧ್ಯದ ಹಳ್ಳಿಗಳು ಕಂಬ ನೋಡ್ಕೊಂಡು ಸೀಮೆಎಣ್ಣೆ ದೀಪ ಹಚ್ಚಿದ್ವು.

ಈಗಿನ ತೊಂದರೆ ಬೇರೆ, ಅದು ಹೊತ್ತಿನದ್ದು. ಪಾವಗಡದ ಸೋಲಾರ್ ಪಾರ್ಕ್ ನಮ್ಮ ಬೆಸ್ಕಾಂ ವ್ಯಾಪ್ತಿಯ ತುಮಕೂರು ಜಿಲ್ಲೆಯಲ್ಲೇ ಇದೆ. 13,000 ಎಕರೆ, 2,050 ಮೆಗಾವ್ಯಾಟ್. ರೈತರಿಂದ ಜಮೀನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡಿದ್ದಾರೆ. ಹಗಲು ಅಲ್ಲಿಂದ ಕರೆಂಟ್ ಧಾರಾಳ. ಸಂಜೆ ಆರೂವರೆಗೆ ನಾವೆಲ್ಲ ಮನೆಗೆ ಬಂದು ಸ್ವಿಚ್ ಹಾಕೋ ಹೊತ್ತಿಗೆ ಸೂರ್ಯ ಇಲ್ಲ. ಆಗ ಜಲ ವಿದ್ಯುತ್, ಕಲ್ಲಿದ್ದಲು, ಅದೂ ಸಾಲದಿದ್ರೆ ಮಾರ್ಕೆಟ್‌ನಲ್ಲಿ ಖರೀದಿ.

ಮಳೆ ಕೈಕೊಟ್ರೆ ಏನಾಗುತ್ತೆ ಅಂತ 2023ರಲ್ಲಿ ನೋಡಿದ್ವಿ. ಜಲಾಶಯದಲ್ಲಿ ನೀರಿಲ್ಲ, ಬೆಳೆ ಉಳಿಸ್ಕೊಳ್ಳೋಕೆ ಎಲ್ಲ ಬೋರ್‌ವೆಲ್ ಒಟ್ಟಿಗೆ ಓಡ್ತಿವೆ. ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗೆ ಕೊಡೋ ಏಳು ಗಂಟೆ ತ್ರೀ ಫೇಸ್ ಐದು ಗಂಟೆಗೆ ಇಳೀತು. ರಾಜ್ಯದಲ್ಲಿ ಉತ್ಪಾದಿಸೋ ಖಾಸಗಿ ಕಂಪನಿಗಳು ಹೊರಗೆ ಮಾರಬಾರದು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿತು. 2025ರ ಬೇಸಿಗೆಯಲ್ಲಿ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು.

ಅದಕ್ಕೆ ಈಗ ಪಂಪ್‌ಸೆಟ್‌ಗಳನ್ನ ಹಗಲಿಗೆ ತರೋ ಪ್ರಯತ್ನ ನಡೀತಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಅದರ ಖರ್ಚೂ ಸರ್ಕಾರದ್ದೇ. ಸಬ್‌ಸ್ಟೇಷನ್ ಹತ್ರವೇ ಸೋಲಾರ್ ಹಾಕಿ, ಅಲ್ಲಿಂದ ಹಗಲು ಹೊತ್ತು ಪಂಪ್‌ಸೆಟ್ ಫೀಡರ್‌ಗೆ ಕೊಟ್ರೆ ರೈತ ರಾತ್ರಿ ಹಾವು ಚೇಳು ತುಳೀತಾ ತೋಟಕ್ಕೆ ಹೋಗೋದು ತಪ್ಪುತ್ತೆ, ಸಂಜೆಯ ಹೊರೆಯೂ ಇಳಿಯುತ್ತೆ. ಕುಸುಮ್-ಸಿ ಯೋಜನೆಯಲ್ಲಿ ಇಂಥ 20 ಮೆಗಾವ್ಯಾಟ್ ಘಟಕ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಲ್ಲಿ ಶುರುವಾಯ್ತು. ನಮ್ಮ ಜಿಲ್ಲೆಗೆ ಅಂಟಿಕೊಂಡಿರೋ ತಾಲ್ಲೂಕು ಅದು.

ಹಾಗಾದ್ರೆ ನಮ್ಮ ಮನೆ ತಾರಸಿ ಮೇಲೆ? ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕಿಲೋವ್ಯಾಟ್‌ಗೆ 30,000ದಂತೆ ಎರಡು ಕಿಲೋವ್ಯಾಟ್‌ಗೆ 60,000, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತೆ. ತಿಂಗಳಿಗೆ 250 ಯೂನಿಟ್ ಬಳಸೋ ಮನೆಯವರು ಎರಡು ಕಿಲೋವ್ಯಾಟ್ ಹಾಕಿಸಿದ್ರು ಅಂದ್ಕೊಳ್ಳಿ. ಖರ್ಚು 1 ಲಕ್ಷ 30 ಸಾವಿರ ಅಂತ ಹಿಡಿದ್ರೆ ಸಬ್ಸಿಡಿ ಕಳೆದು ಕೈಯಿಂದ 70,000. ತಿಂಗಳಿಗೆ 240 ಯೂನಿಟ್ ಬಂದ್ರೆ ಉಳಿತಾಯ 1,600 ರೂಪಾಯಿ. ನಾಲ್ಕು ವರ್ಷದ ಒಳಗೆ ಅಸಲು ವಾಪಸ್. ಅದೇ ಸೊನ್ನೆ ಬಿಲ್ ಮನೆಯವರು ಹಾಕಿಸಿದ್ರೆ ಉಳಿತಾಯ ಎಷ್ಟು? ಸೊನ್ನೆಯಲ್ಲಿ ಉಳಿಸೋದೇನು! ಅದಕ್ಕೆ ಚಿಕ್ಕ ಮನೆಗಳ ತಾರಸಿ ಖಾಲಿ ಉಳಿಯುತ್ತೆ. ಅಂಥವರಿಗೆ ಸೋಲಾರ್ ಹಾಕಿಸಿ ಅಂತ ನಾನೂ ಹೇಳಲ್ಲ. ಆದ್ರೆ 200 ದಾಟೋ ಮನೆ, ಒಂದೇ ಮೀಟರಿನ ಸಾಲು ಮನೆ, ಇವರು ಈ ಲೆಕ್ಕ ಒಂದು ಸಲ ಹಾಕಿ ನೋಡಲೇಬೇಕು.

ಕೊನೆ ಮಾತು. ಗೃಹಜ್ಯೋತಿ ತಪ್ಪು ಅಂತ ನಾನು ಹೇಳ್ತಿಲ್ಲ. ತಿಂಗಳಿಗೆ 500, 600 ರೂಪಾಯಿ ಉಳಿದ್ರೆ ಒಂದು ಮನೆಗೆ ಅದರ ಬೆಲೆ ಏನು ಅಂತ ಎಲ್ಲರಿಗೂ ಗೊತ್ತು. ನನ್ನ ತಕರಾರು ಎರಡೇ. ಆ ಸಹಾಯ ಮನುಷ್ಯರಿಗೆ ಸಿಗ್ತಿಲ್ಲ, ಮೀಟರಿಗೆ ಸಿಗ್ತಿದೆ. ಮೀಟರ್ ಇಲ್ಲದ ಸಂಸಾರ ಎಷ್ಟು ಬಡವಾದ್ರೂ ಹೊರಗೇ. ಎರಡನೇದು, ದುಡ್ಡು ಕೊಡದೇ ಇರೋ ನಾವು ರೇಟ್ ಬಗ್ಗೆ ಮಾತೇ ಆಡ್ತಿಲ್ಲ. ದರ ಬದಲಿಸೋ ಮೊದಲು ಕೆಇಆರ್‌ಸಿ ಸಾರ್ವಜನಿಕರಿಂದ ಆಕ್ಷೇಪಣೆ ಕೇಳುತ್ತೆ, ವಿಚಾರಣೆ ನಡೆಸುತ್ತೆ. ಪೇಪರ್‌ನಲ್ಲಿ ಪ್ರಕಟಣೆ ಬರುತ್ತೆ. ಯಾರು ಬೇಕಾದ್ರೂ ಬರೆದು ಕೊಡಬಹುದು, ಹೋಗಿ ಮಾತಾಡಬಹುದು. ಕೈಗಾರಿಕೆಯವರು ಲೆಕ್ಕ ಹಿಡ್ಕೊಂಡು ಹೋಗ್ತಾರೆ. ಸಾಲು ಮನೆಯ ಬಾಡಿಗೆದಾರರ ಪರವಾಗಿ ಯಾರು ಹೋಗಬೇಕು? ಒಂದೇ ಮೀಟರಲ್ಲಿ ನಾಲ್ಕು ಸಂಸಾರ ಇದ್ರೆ ನಾಲ್ಕು ಸಂಸಾರ ಅಂತಲೇ ಲೆಕ್ಕ ಇಡಿ ಅಂತ ಸರ್ಕಾರಕ್ಕೂ, ನಿಗದಿತ ಶುಲ್ಕದ ಹೊರೆ ಕಮ್ಮಿ ಬಳಸೋರ ಮೇಲೆ ಹಾಕಬೇಡಿ ಅಂತ ಆಯೋಗಕ್ಕೂ ಯಾರಾದ್ರೂ ಹೇಳಬೇಕಲ್ಲ.

ಇವತ್ತೇ ಮನೇಲಿ ಬಿಲ್ ತೆಗೆದು ಮೂರು ಸಂಖ್ಯೆ ನೋಡಿ: ನಿಮ್ಮ ಮಿತಿ, ಈ ತಿಂಗಳ ಬಳಕೆ, ಮಂಜೂರಾದ ಲೋಡ್. ಏನಾದ್ರೂ ತಪ್ಪು ಕಂಡ್ರೆ ಬೆಸ್ಕಾಂ ಸಹಾಯವಾಣಿ 1912. ನಿಮ್ಮದು ಸಬ್ ಮೀಟರ್ ಮನೆಯಾದ್ರೆ ಯೂನಿಟ್‌ಗೆ ಎಷ್ಟು ಕೊಡ್ತಿದ್ದೀರಿ ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ, ಊರು ಮತ್ತು ರೇಟ್ ಸಾಕು. ಸಾಕಷ್ಟು ಬಂದ್ರೆ ಅದನ್ನೇ ಒಟ್ಟು ಮಾಡಿ ಮುಂದಿನ ವಿಚಾರಣೆಗೆ ಆಯೋಗಕ್ಕೆ ಬರೆದು ಕೊಡೋಣ.